ಕಾಲದ ಹಾಡು, ನೆನಪಿನ ನಾದ

ಯಾವುದೇ ಕಾಲದ ಸಂಗೀತವನ್ನು ಕುರಿತು ವಿಚಾರಿಸುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕಾಗುತ್ತದೆ. ಆ ಕಾಲದ ಜನರು ಬಹುವಾಗಿ ಕೇಳಿ ಮೆಚ್ಚಿದ್ದು ಯಾವುದು ಎಂಬುದು ಮೊದಲನೆಯದು. ಆ ಕಾಲದ ಸಂಗೀತವೆಂದು ಅನಂತರದವರ ಕಿವಿಯಲ್ಲಿ ನಿಂತದ್ದು ಯಾವುದು ಎಂಬುದು ಎರಡನೆಯದು. ಸಾಮಾನ್ಯವಾಗಿ ನಾವು ಎರಡನೆಯ ಪ್ರಶ್ನೆಯ ಉತ್ತರವನ್ನೇ ಮೊದಲನೆಯದಕ್ಕೂ ಹೇಳಿ ತೃಪ್ತರಾಗುತ್ತೇವೆ. ಉತ್ತರ ಕರ್ನಾಟಕದ ಸಂಗೀತದ ವಿಷಯದಲ್ಲಿ ಈ ಬೆರಕೆ ವಿಶೇಷವಾಗಿ ಆಗಿದೆ. ಇದರ ಪರಿಣಾಮವು ಸಂಗೀತಕ್ಕಷ್ಟೇ ನಿಲ್ಲದೆ ವಚನ ಸಾಹಿತ್ಯದ ತಿಳುವಳಿಕೆಯನ್ನೂ ಮುಟ್ಟಿರುವುದರಿಂದ ಅದನ್ನು ಇಲ್ಲಿ ವಿವೇಚಿಸುವುದು ಉಚಿತವೆಂದು ಭಾವಿಸಿದ್ದೇನೆ.

ಇಪ್ಪತ್ತನೆಯ ಶತಮಾನದ ಮೊದಲ ಐವತ್ತು ವರ್ಷಗಳ ಧಾರವಾಡ ಸೀಮೆಯ ಸಂಗೀತವೆಂದೊಡನೆ ನಮಗೆ ಹೊಳೆಯುವುದು ತಂಬೂರಿಯ ಶ್ರುತಿ, ವಿಲಂಬಿತ ಖ್ಯಾಲು, ಕಛೇರಿಯ ಕೊನೆಯಲ್ಲಿ ಒಂದು ವಚನ. ಸವಾಯಿ ಗಂಧರ್ವರು, ಪಂಚಾಕ್ಷರ ಗವಾಯಿಗಳು, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಎಂಬ ಹೆಸರುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಇವರ ಹಿರಿಮೆಯನ್ನು ಪ್ರಶ್ನಿಸುವ ಮಾತು ಇಲ್ಲಿಲ್ಲ. ಆದರೆ 1930ರ ಸುಮಾರಿನಲ್ಲಿ ಹುಬ್ಬಳ್ಳಿಯ ಅಥವಾ ಗದಗಿನ ಬೀದಿಯಲ್ಲಿ ನಿಂತವನ ಕಿವಿಗೆ ಬೀಳುತ್ತಿದ್ದುದು ಮುಖ್ಯವಾಗಿ ಇದೇ ಆಗಿತ್ತೇ ಎಂದು ಕೇಳಿದರೆ, ಅಲ್ಲವೆಂದೇ ಹೇಳಬೇಕಾಗುತ್ತದೆ.

ಬೀದಿಯಲ್ಲಿ ಮೊಳಗಿದ ಹಾಡು

ಆ ಕಾಲದಲ್ಲಿ ಜನರ ಬಾಯಲ್ಲಿದ್ದದ್ದು ನಾಟಕದ ಪದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು (1843-1885) 1880ರಲ್ಲಿ ಮರಾಠಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದರು. ಅಲ್ಲಿಂದ ಮುಂದೆ ಅರ್ಧ ಶತಮಾನ ಕಾಲ ಮರಾಠಿ ನಾಟ್ಯಗೀತೆಯು ಈ ಸೀಮೆಯನ್ನು ಆಳಿತು. ಮರಾಠಿಯ ಈ ಪ್ರಾಬಲ್ಯಕ್ಕೆ ಇದಿರಾಗಿ ಕನ್ನಡ ರಂಗಭೂಮಿಯನ್ನು ಕಟ್ಟಲು ಹೆಣಗಿದವರಲ್ಲಿ ಶಾಂತಕವಿಗಳು (1856-1920) ಮೊದಲಿಗರು. ಅವರ ಹಿಂದೆಯೇ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ ಮಾಸ್ತರರ ಮಂಡಳಿ ಮುಂತಾದವು ಊರೂರು ತಿರುಗಿದವು. ದಕ್ಷಿಣದಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಪ್ರಭಾವವೂ ಬೆಳೆಯಿತು. ಕಂಪನಿಯ ನಾಟಕದಲ್ಲಿ ಪಾತ್ರಧಾರಿಗೆ ಮೊದಲು ಬೇಕಾದದ್ದು ಕಂಠ. ಅಭಿನಯ ಅನಂತರದ ಮಾತು. ಪ್ರೇಕ್ಷಕರು ಒನ್ಸ್ ಮೋರ್ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡುತ್ತಿತ್ತೆಂದು ಹಿರಿಯರು ನಗುತ್ತ ಹೇಳುತ್ತಿದ್ದರು. ಈ ಹಾಡಿನ ಬೆನ್ನಿಗಿದ್ದ ವಾದ್ಯವು ತಂಬೂರಿಯಲ್ಲ. ಜನರು ಪೇಟಿ ಎಂದು ಕರೆಯುತ್ತಿದ್ದ ಹಾರ್ಮೋನಿಯಂ.

ಎರಡನೆಯದು ಗ್ರಾಮೋಫೋನಿನ ಹಾಡು. ಭಾರತದಲ್ಲಿ ಧ್ವನಿಮುದ್ರಣವು 1902ರಲ್ಲಿ ಕಲಕತ್ತೆಯಲ್ಲಿ ಗೋಹರ್ ಜಾನ್ ಮೊದಲಾದವರ ಗಾಯನದೊಂದಿಗೆ ಆರಂಭವಾಯಿತು. ಅರಗಿನಿಂದ ಮಾಡಿದ, ಕೈಜಾರಿದರೆ ಒಡೆಯುವ ಆ ಹತ್ತಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ವಿದ್ಯುತ್ ಮುದ್ರಣ ಬರುವವರೆಗೆ ಗಾಯಕನು ದೊಡ್ಡದೊಂದು ಕಹಳೆಯೊಳಕ್ಕೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ಗಂಟೆಗಟ್ಟಲೆ ಅರಳಬೇಕಾದ ಖ್ಯಾಲಿಗೆ ಈ ಯಂತ್ರವು ಅನುಕೂಲವಾಗಿರಲಿಲ್ಲ. ಮೂರು ನಿಮಿಷದಲ್ಲಿ ಮುಗಿಯುವ ಠುಮರಿ, ನಾಟ್ಯಗೀತೆ, ಭಾವಗೀತೆ, ದೇವರನಾಮಗಳೇ ಇದಕ್ಕೆ ಒಗ್ಗಿದವು, ಅವೇ ಹೆಚ್ಚಾಗಿ ಮಾರಾಟವಾದವು. 1934ರಲ್ಲಿ 'ಸತಿ ಸುಲೋಚನಾ' ತೆರೆ ಕಂಡು ಕನ್ನಡ ವಾಕ್ಚಿತ್ರ ಆರಂಭವಾದ ಮೇಲೆ ನಾಟಕದ ಹಾಡು ಮೆಲ್ಲಗೆ ಚಿತ್ರದ ಹಾಡಾಗಿ ಮಾರ್ಪಟ್ಟಿತು. ಹೀಗೆ ರಂಗ, ತಟ್ಟೆ, ತೆರೆ ಎಂಬ ಮೂರು ನೆಲೆಗಳಲ್ಲಿ ಆ ಕಾಲದ ಜನಪ್ರಿಯ ಸಂಗೀತವು ಮೊಳಗಿತು. ಇಂದಿನ ಸಂಗೀತಾಭಿಮಾನಿಗೆ ಇವುಗಳಲ್ಲಿ ನೆನಪಿರುವುದು ಅತ್ಯಲ್ಪ.

ಮೂವರು ಗಾಯಕರ ಸಾಕ್ಷ್ಯ

ಈ ಅಂತರವು ಕೇವಲ ಒಬ್ಬರನ್ನು ಮರೆತು ಇನ್ನೊಬ್ಬರನ್ನು ನೆನೆದುದರಿಂದ ಆದದ್ದಲ್ಲ. ಒಬ್ಬರೇ ಗಾಯಕರ ಬಾಳಿನಲ್ಲಿಯೂ ಅದು ಕಾಣುತ್ತದೆ. ಮೂರು ನಿದರ್ಶನಗಳನ್ನು ನೋಡಬಹುದು.

ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (1886-1952), ಇಂದು ಕಿರಾಣಾ ಘರಾನೆಯ ಗುರುವರ್ಯರೆಂದು ಪ್ರಸಿದ್ಧರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮೊದಲಾದವರ ಗುರುಗಳೆಂದೇ ನಾವು ಅವರನ್ನು ನೆನೆಯುತ್ತೇವೆ. ಆದರೆ ಅವರ ಕಾಲದ ಜನಸಾಮಾನ್ಯರಿಗೆ ಅವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಧರಿಸಿ ಹಾಡುತ್ತಿದ್ದ ನಟರು. ಸವಾಯಿ ಗಂಧರ್ವ ಎಂಬ ಬಿರುದೇ ರಂಗಭೂಮಿಯಿಂದ ಬಂದದ್ದು. ಅಂದಿನ ನಟಶ್ರೇಷ್ಠರಾದ ಬಾಲಗಂಧರ್ವರನ್ನು (1888-1967) ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟದ್ದು. ಬಿರುದು ಉಳಿಯಿತು, ಬಿರುದನ್ನು ತಂದ ರಂಗದ ನೆನಪು ಮಸುಕಾಯಿತು.

ಗಂಗೂಬಾಯಿ ಹಾನಗಲ್ (1913-2009) ಅವರ ಧ್ವನಿಯೆಂದರೆ ಗಂಭೀರವಾದ, ಗಂಡುಕಂಠದಂತೆ ತುಂಬಿದ ಧ್ವನಿ. 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದ ಅವರ ತಟ್ಟೆಗಳನ್ನು ಕೇಳಿದವರಿಗೆ ಅಚ್ಚರಿಯಾಗುತ್ತದೆ. ಅಲ್ಲಿರುವುದು ಎತ್ತರದ ಸ್ಥಾಯಿಯ ಎಳೆಯ ಕಂಠ. ಅದರಲ್ಲಿ ರಾಗಗಳ ಚಿಕ್ಕ ಬಂದಿಶುಗಳ ಜೊತೆಗೆ ಜಿ. ಎನ್. ಜೋಶಿಯವರೊಡನೆ ಹಾಡಿದ ಮರಾಠಿ ಭಾವಗೀತೆಯೂ ಸೇರಿದೆ. ಗಂಟಲಿನ ತೊಂದರೆ ಮತ್ತು ಅದರ ಚಿಕಿತ್ಸೆಯ ಅನಂತರ ಅವರ ಧ್ವನಿ ಬದಲಾಯಿತು. ಮುಂದೆ ಅವರು ಲಘು ಪ್ರಕಾರಗಳನ್ನು ಬಿಟ್ಟು ಖ್ಯಾಲನ್ನೇ ವ್ರತದಂತೆ ಹಿಡಿದರು. 1930ರ ದಶಕದ ಜನರು ಕೊಂಡು ಕೇಳಿದ ಗಂಗೂಬಾಯಿಯವರು ಒಬ್ಬರು, ನಾವು ಸ್ಮರಿಸುವ ಗಂಗೂಬಾಯಿಯವರು ಇನ್ನೊಬ್ಬರು ಎನ್ನುವಷ್ಟು ಇವೆರಡಕ್ಕೂ ದೂರವಿದೆ.

ಮಲ್ಲಿಕಾರ್ಜುನ ಮನಸೂರರು (1910-1992) ಬಾಲ್ಯದಲ್ಲಿಯೇ ವಾಮನರಾವ ಮಾಸ್ತರರ ನಾಟಕ ಮಂಡಳಿಯನ್ನು ಸೇರಿ ಹಾಡುವ ಬಾಲನಟರಾಗಿ ಹೆಸರಾದರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನೂ, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನೂ ಕಲಿತ ಮೇಲೆ, ಮಂಜೀಖಾನ್ ಮತ್ತು ಭೂರ್ಜೀಖಾನರಲ್ಲಿ ಜೈಪುರ-ಅತ್ರೌಲಿಯ ಗಾಯಕಿಯನ್ನು ಸಾಧಿಸಿದರು. 1930ರ ದಶಕದಲ್ಲಿಯೇ ಅವರ ತಟ್ಟೆಗಳು ಹೊರಬಂದಿದ್ದವು. ಆದರೆ ದೇಶವು ಅವರನ್ನು ಪೂರ್ಣವಾಗಿ ಗುರುತಿಸಿದ್ದು ತಡವಾಗಿ: ಪದ್ಮಶ್ರೀ ಬಂದದ್ದು 1970ರಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ 1992ರಲ್ಲಿ. ನಮ್ಮ ಕಿವಿಯಲ್ಲಿರುವ ಮನಸೂರರ ಕಂಠವು ಬಹುಮಟ್ಟಿಗೆ ಅವರ ಇಳಿವಯಸ್ಸಿನದು. ಅದನ್ನು ನಾವು ಅರಿಯದೆಯೇ ಹಿಂದಕ್ಕೆ ಒಯ್ದು ಅವರ ಯೌವನದ ಕಾಲಕ್ಕೂ ಅನ್ವಯಿಸಿಬಿಡುತ್ತೇವೆ.

ಇದಕ್ಕೆ ವಿರುದ್ಧವೆಂಬಂತೆ ತೋರುವ ಒಂದು ನಿದರ್ಶನವನ್ನೂ ಹೇಳದಿದ್ದರೆ ವಿವೇಚನೆ ಏಕಪಕ್ಷೀಯವಾದೀತು. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂಖಾನರ (1872-1937) ಠುಮರಿಯ ತಟ್ಟೆಗಳು ಅಂದಿಗೂ ಜನಪ್ರಿಯ, ಇಂದಿಗೂ ಸ್ಮರಣೀಯ. ಗದಗಿನ ಬಾಲಕ ಭೀಮಸೇನ ಜೋಶಿಯವರು ಇಂಥದೊಂದು ತಟ್ಟೆಯನ್ನು ಕೇಳಿ ಮರುಳಾಗಿ, 1933ರಲ್ಲಿ ಗುರುವನ್ನು ಅರಸಿ ಮನೆಬಿಟ್ಟ ಸಂಗತಿ ಎಲ್ಲರಿಗೂ ತಿಳಿದದ್ದೇ. ಇಲ್ಲಿ ಜನಪ್ರಿಯತೆ ಮತ್ತು ನೆನಪು ಒಂದಾದವು. ಆದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಬೇಕು. ಮೂರು ನಿಮಿಷದ ಆ ತಟ್ಟೆಯು ಹುಡುಗನನ್ನು ಒಯ್ದು ಮುಟ್ಟಿಸಿದ್ದು ಕುಂದಗೋಳದ ಸವಾಯಿ ಗಂಧರ್ವರ ಮನೆಯ ದೀರ್ಘ ಸಾಧನೆಗೆ. ಜನಪ್ರಿಯವಾದದ್ದು ಬಾಗಿಲಾಯಿತು, ಒಳಗಿನ ಮನೆ ಬೇರೆಯೇ ಇತ್ತು.

ನೆನಪನ್ನು ರೂಪಿಸಿದ ಕಾರಣಗಳು

ಹಾಗಾದರೆ ಜನಪ್ರಿಯವಾದದ್ದು ಏಕೆ ಉಳಿಯಲಿಲ್ಲ, ಉಳಿದದ್ದು ಹೇಗೆ ಉಳಿಯಿತು? ಮೂರು ಕಾರಣಗಳು ಸ್ಪಷ್ಟವಾಗಿ ಕಾಣುತ್ತವೆ.

ಮೊದಲನೆಯದು ಶಿಷ್ಯಪರಂಪರೆ. ನಾಟಕದ ಪದವನ್ನು ಜನರು ಕೇಳಿ ಕಲಿತರು, ಹೊಸ ನಾಟಕ ಬಂದೊಡನೆ ಮರೆತರು. ಖ್ಯಾಲಿಗೆ ಕಲಿಸುವವರು ಮತ್ತು ಕಲಿಯುವವರು ಇದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಉದಾಹರಣೆ ಇಲ್ಲಿ ಬಹುಮುಖ್ಯ. ಹಾನಗಲ್ಲ ಕುಮಾರಸ್ವಾಮಿಗಳ (1867-1930) ಕೃಪಾಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು (1892-1944) ಅಂಧರಿಗೂ ಅನಾಥರಿಗೂ ಅನ್ನವಿಕ್ಕಿ ಸಂಗೀತ ಕಲಿಸಿದರು. ಪುಟ್ಟರಾಜ ಗವಾಯಿಗಳು (1914-2010) ಆ ದಾಸೋಹವನ್ನು ಮುಂದುವರಿಸಿದರು. ಅಲ್ಲಿ ನಾಟಕ ಮಂಡಳಿಯೂ ಇತ್ತು; ಅದರ ಆದಾಯವು ಆಶ್ರಮದ ಮಕ್ಕಳ ಅನ್ನಕ್ಕೆ ನೆರವಾಗುತ್ತಿತ್ತು. ಅಂದರೆ ನಾವು ಮರೆತ ರಂಗಗೀತೆಯು ನಾವು ನೆನೆಯುವ ಶಾಸ್ತ್ರೀಯ ಗಾಯನವನ್ನು ಸಾಕಿತು. ಈ ಋಣವನ್ನು ಸಂಗೀತದ ಚರಿತ್ರೆ ಬರೆಯುವವರು ಒಪ್ಪಿಕೊಳ್ಳಬೇಕು.

ಎರಡನೆಯದು ಆಕಾಶವಾಣಿ. ಧಾರವಾಡ ಕೇಂದ್ರವು 1950ರ ಜನವರಿಯಲ್ಲಿ ಆರಂಭವಾಯಿತು. ಅದಕ್ಕೆ ಹತ್ತು ವರ್ಷ ಮೊದಲೇ, 1940ರಲ್ಲಿ, ಹಾರ್ಮೋನಿಯಂ ನಮ್ಮ ಸಂಗೀತದ ಶ್ರುತಿಗಳಿಗೆ ಒಗ್ಗದೆಂದು ಆಕಾಶವಾಣಿಯು ಅದನ್ನು ನಿಷೇಧಿಸಿತ್ತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ರಂಗಸಂಗೀತದ ಪ್ರಾಣವೇ ಆಗಿದ್ದ ಪೇಟಿಯ ಧ್ವನಿಯು ಮೂವತ್ತು ವರ್ಷ ಕಾಲ ಬಾನುಲಿಯ ಗಾಯನದಿಂದ ದೂರವುಳಿಯಿತು. ಇದೇ ಅವಧಿಯಲ್ಲಿ, ಬಿ. ವಿ. ಕೇಸ್ಕರರು ಸಚಿವರಾಗಿದ್ದಾಗ (1952-1962), ಚಿತ್ರಗೀತೆಗೆ ಕಡಿವಾಣ ಹಾಕಿ ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚಿನ ಹೊತ್ತು ಕೊಡಲಾಯಿತು. ಮನೆಯ ಹಜಾರದಲ್ಲಿ ಕುಳಿತು ಬಾನುಲಿ ಕೇಳಿದ ಒಂದು ಇಡೀ ತಲೆಮಾರಿಗೆ ಹಳೆಯ ಸಂಗೀತವೆಂದರೆ ತಂಬೂರಿ, ಸಾರಂಗಿಗಳ ಸಂಗೀತವೆಂಬ ಭಾವನೆ ಬೇರೂರಿತು. ನಾನೂ ಆ ತಲೆಮಾರಿಗೆ ಸೇರಿದವನು.

ಮೂರನೆಯದು ದೀರ್ಘ ಮುದ್ರಿಕೆ. ಒಂದೊಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ನುಡಿಯುವ ತಟ್ಟೆಗಳು 1950ರ ದಶಕದ ಕೊನೆಯಿಂದ ನಮ್ಮ ದೇಶದಲ್ಲಿ ಬಳಕೆಗೆ ಬಂದವು. ಅರಗಿನ ತಟ್ಟೆಗಳು 1970ರ ಸುಮಾರಿಗೆ ನಿಂತುಹೋದವು. ಹಳೆಯ ತಲೆಮಾರಿನ ಗಾಯಕರಲ್ಲಿ ಆಗ ಬದುಕಿದ್ದವರು ತಮ್ಮ ಪಕ್ವವಾದ ಗಾಯನವನ್ನು ಮೊದಲ ಬಾರಿಗೆ ಬಿಡುವಾಗಿ ಮುದ್ರಿಸಲು ಸಾಧ್ಯವಾಯಿತು. ಆದ್ದರಿಂದ 1930ರ ದಶಕದ ನಾದವೆಂದು ನಾವು ತಿಳಿದಿರುವುದರಲ್ಲಿ ಬಹುಭಾಗ 1960ರಿಂದ 1990ರವರೆಗಿನ ಮುದ್ರಣ. ಅದು ಆ ಕಾಲದ ವಿದ್ಯೆ ಹೌದು. ಆ ಕಾಲದ ಧ್ವನಿ ಅಲ್ಲ.

ಎರಡಕ್ಕೂ ಸೇರದ ಮೂರನೆಯದು

ಇಷ್ಟರಿಂದಲೇ ಚಿತ್ರ ಪೂರ್ಣವಾಗುವುದಿಲ್ಲ. ಜನಪ್ರಿಯವೆಂಬ ಪಟ್ಟಿಗೂ ಸೇರದೆ, ನೆನಪಿನ ಗೌರವವನ್ನೂ ಪಡೆಯದೆ, ಆದರೆ ದಿನನಿತ್ಯವೂ ಸಾವಿರಾರು ಕಂಠಗಳಲ್ಲಿ ನುಡಿದ ಸಂಗೀತವೊಂದಿತ್ತು. ಅದು ಮಠಗಳಲ್ಲಿಯೂ ಊರ ಗುಡಿಗಳಲ್ಲಿಯೂ ನಡೆಯುತ್ತಿದ್ದ ಭಜನೆ.

ವಚನಗಳ ಜೊತೆಗೆ ಶರಣರ ಹೆಸರಿನಲ್ಲಿ ಸ್ವರವಚನಗಳೂ ದೊರೆಯುತ್ತವೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಪಲ್ಲವಿ, ನುಡಿ, ರಾಗ, ತಾಳಗಳನ್ನುಳ್ಳ ಇವು ಹಾಡಲೆಂದೇ ಹುಟ್ಟಿದ ರಚನೆಗಳು. ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿ, ಮುಪ್ಪಿನ ಷಡಕ್ಷರಿಗಳ ಸುಬೋಧಸಾರ, ಸರ್ಪಭೂಷಣ ಶಿವಯೋಗಿಗಳ ಕೈವಲ್ಯಕಲ್ಪವಲ್ಲರಿ, ಬಾಲಲೀಲಾ ಮಹಾಂತ ಶಿವಯೋಗಿಗಳ ಕೈವಲ್ಯದರ್ಪಣ ಇವುಗಳಲ್ಲಿ ಈ ಪರಂಪರೆ ಸಮೃದ್ಧವಾಗಿ ಹರಿದಿದೆ. ಶಿಶುನಾಳ ಶರೀಫರ (1819-1889) ತತ್ತ್ವಪದಗಳು ಇದರ ನೆರೆಯವೇ. ಹುಬ್ಬಳ್ಳಿಯ ಸಿದ್ಧಾರೂಢರ (1836-1929) ಸನ್ನಿಧಿಯಲ್ಲಿ ನಿಜಗುಣರ ಶಾಸ್ತ್ರ ಮತ್ತು ಪದಗಳು ಶ್ರವಣದ ಅಂಗವಾಗಿದ್ದವು. ಏಕತಾರಿ, ತಾಳ, ದಮ್ಮಡಿಗಳೊಡನೆ ಒಬ್ಬನು ಹೇಳಿ ಹಲವರು ಹಿಂಬಾಲಿಸುವ ಈ ಹಾಡಿಕೆಯಲ್ಲಿ ಕೇಳುವವನು ಬೇರೆ, ಹಾಡುವವನು ಬೇರೆ ಎಂಬ ಭೇದವೇ ಇರಲಿಲ್ಲ. ಹಾಗಾಗಿ ತಟ್ಟೆಯ ವ್ಯಾಪಾರಿಗೆ ಇದರಲ್ಲಿ ಮಾರಲು ಏನೂ ಕಾಣಲಿಲ್ಲ. ಇದನ್ನು ಹಾಡಿದವರು ಸ್ವತಃ ಇದನ್ನು ಸಂಗೀತವೆಂದೂ ಎಣಿಸಲಿಲ್ಲ. ಅವರಿಗೆ ಅದು ಸೇವೆ. ಮಾರಾಟವಾಗದ್ದರಿಂದ ಮುದ್ರಣವಾಗಲಿಲ್ಲ, ಮುದ್ರಣವಾಗದ್ದರಿಂದ ಆ ಕಾಲದ ನಾದಚಿತ್ರದಲ್ಲಿ ಅದಕ್ಕೆ ಸ್ಥಳ ದೊರೆಯಲಿಲ್ಲ.

ವಚನದ ಓದಿನ ಮೇಲೆ ಪರಿಣಾಮ

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಫ. ಗು. ಹಳಕಟ್ಟಿಯವರ (1880-1964) ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಪ್ರಕಟವಾಯಿತು. 1926ರಲ್ಲಿ ಶಿವಾನುಭವ ಪತ್ರಿಕೆ ಹೊರಟಿತು. ತಾಳೆಯೋಲೆಯ ಕಟ್ಟುಗಳಲ್ಲಿದ್ದ ವಚನಗಳು ಅಚ್ಚಿನ ಮೂಲಕ ಎಲ್ಲರ ಕೈಗೆ ಬಂದ ಕಾಲವೂ, ಗಾಯಕರು ಹಿಂದುಸ್ತಾನಿ ರಾಗಗಳಲ್ಲಿ ನುರಿತ ಕಾಲವೂ ಒಂದೇ. ಇವೆರಡರ ಕೂಡಿಕೆಯಿಂದ ವಚನ ಗಾಯನವೆಂಬ ಇಂದಿನ ಪ್ರಕಾರ ಬೆಳೆಯಿತು. ಮನಸೂರ, ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಇದಕ್ಕೆ ಘನತೆಯನ್ನು ತಂದರು. ಲಕ್ಷಾಂತರ ಜನರಿಗೆ ಬಸವಣ್ಣನವರೂ ಅಕ್ಕಮಹಾದೇವಿಯೂ ಮುಟ್ಟಿದ್ದು ಪುಸ್ತಕದಿಂದಲ್ಲ, ಈ ಕಂಠಗಳಿಂದ. ಇದು ಸಣ್ಣ ಉಪಕಾರವಲ್ಲ.

ಆದರೆ ವಚನವು ಗದ್ಯಲಯದ ರಚನೆ. ಅದಕ್ಕೆ ಗೊತ್ತಾದ ಮಾತ್ರೆಗಣವಿಲ್ಲ, ಪಲ್ಲವಿಯಿಲ್ಲ. ಮಾತಿನ ಬಲ, ಸಾಲುಗಳ ಸರಿಸಮತೆ, ಕೊನೆಯ ಅಂಕಿತ ಇವೇ ಅದರ ಕಟ್ಟಡ. ಗಾಯಕನು ಅದನ್ನು ತಾಳಕ್ಕೆ ಕೂಡಿಸುವಾಗ ಒಂದು ಸಾಲನ್ನು ಪಲ್ಲವಿಯ ಸ್ಥಾನದಲ್ಲಿಟ್ಟು ಮತ್ತೆ ಮತ್ತೆ ಅದಕ್ಕೆ ಮರಳುತ್ತಾನೆ. ಗಾನಕ್ಕೆ ಅದು ಅವಶ್ಯ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಅಂಕಿತದಲ್ಲಿ ನಿಲ್ಲಬೇಕಾದ ವಿಚಾರದ ಗತಿ ಅದರಿಂದ ವೃತ್ತಾಕಾರವಾಗುತ್ತದೆ. ಅಲ್ಲದೆ ಹೀಗೆ ಕೂಡಿಸಲು ಬರುವುದು ಎಲ್ಲ ವಚನಗಳೂ ಅಲ್ಲ. ಐದಾರು ಸಾಲಿನ, ಆರ್ತಭಾವದ, ಉಪಮೆಗಳಿಂದ ಕೂಡಿದ ವಚನಗಳು ಹಾಡಿಗೆ ಒಲಿದವು. ಅಲ್ಲಮಪ್ರಭುವಿನ ಬೆಡಗಿನ ವಚನಗಳು ಗಾಯನದಲ್ಲಿ ಅಪರೂಪ. ಚೆನ್ನಬಸವಣ್ಣನವರ ಷಟ್‌ಸ್ಥಲ ನಿರೂಪಣೆಯ ದೀರ್ಘ ವಚನಗಳು, ಕಾಯಕಜೀವಿಗಳಾದ ಶರಣರ ವೃತ್ತಿಯ ಮಾತಿನ ಬಿರುಸು ವಚನಗಳು ಬಹುತೇಕ ಹಾಡಾಗಲೇ ಇಲ್ಲ.

ಇದರ ಫಲವನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ವಿದ್ಯಾರ್ಥಿಗಳಿಗೆ ನೂರಾರು ಶರಣರಲ್ಲಿ ಇಬ್ಬರು ಮೂವರ ಕೆಲವೇ ವಚನಗಳು ಬಾಯಿಪಾಠ. ಅವೂ ಹಾಡಿನ ಧಾಟಿಯಲ್ಲಿ. ಅದೇ ವಚನವನ್ನು ಮಾತಾಗಿ ಓದೆಂದರೆ ಎಲ್ಲಿ ನಿಲ್ಲಬೇಕು, ಯಾವ ಪದಕ್ಕೆ ಒತ್ತು ಎಂಬುದು ತೋಚುವುದಿಲ್ಲ. ಹನ್ನೆರಡನೆಯ ಶತಮಾನದ ಅನುಭವಮಂಟಪದಲ್ಲಿಯೂ ವಚನಗಳನ್ನು ಹೀಗೆಯೇ, ಈ ರಾಗಗಳಲ್ಲಿಯೇ ಹಾಡುತ್ತಿದ್ದರೆಂದು ನಂಬಿದವರೂ ಉಂಟು. ತನಗೆ ತಾಳಮಾನಗಳ ಅರಿವಿಲ್ಲ, ಒಲಿದಂತೆ ಹಾಡುವೆನೆಂಬ ಆಶಯದ ವಚನವೂ, ತನ್ನ ದೇಹವನ್ನೇ ವೀಣೆಯಾಗಿ ನುಡಿಸೆಂಬ ಪ್ರಾರ್ಥನೆಯೂ ಬಸವಣ್ಣನವರಲ್ಲಿವೆ. ಇವುಗಳಿಂದ ಶರಣರಿಗೆ ಹಾಡು ಪ್ರಿಯವಾಗಿತ್ತೆಂದು ಹೇಳಬಹುದು. ನೂರು ವರ್ಷಗಳ ಈಚಿನ ಗಾಯನ ಪದ್ಧತಿಯೊಂದನ್ನು ಎಂಟುನೂರು ವರ್ಷ ಹಿಂದಕ್ಕೆ ಒಯ್ಯಲು ಮಾತ್ರ ಇವು ಆಧಾರವಾಗಲಾರವು.

ಮಾಡಬೇಕಾದ ಕೆಲಸ

ನೆನಪನ್ನು ದೂರಿ ಫಲವಿಲ್ಲ. ಶ್ರೇಷ್ಠವಾದದ್ದನ್ನು ಆಯ್ದು ಕಾಪಾಡುವುದು ಸಮಾಜದ ಧರ್ಮವೇ. ಆಯ್ಕೆಯನ್ನೇ ಚರಿತ್ರೆಯೆಂದು ತಿಳಿಯದಿರುವುದು ಮಾತ್ರ ವಿದ್ವಾಂಸರ ಹೊಣೆ. ಅದಕ್ಕೆ ಬೇಕಾದ ಸಾಮಗ್ರಿ ಇನ್ನೂ ಪೂರ್ತಿ ನಾಶವಾಗಿಲ್ಲ.

ನಾಟಕ ಕಂಪನಿಗಳು ತಮ್ಮ ಪದಗಳ ಚಿಕ್ಕ ಪುಸ್ತಕಗಳನ್ನು ಅಚ್ಚು ಹಾಕಿಸಿ ಮಾರುತ್ತಿದ್ದವು. ಪ್ರತಿ ಪದದ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಅಥವಾ ಧಾಟಿ ಎಂದು ಬರೆದಿರುವುದುಂಟು. ಓದುಗನಿಗೆ ಆಗಲೇ ಗೊತ್ತಿದ್ದ ಹಾಡನ್ನೇ ಅಲ್ಲಿ ಹೆಸರಿಸಬೇಕಾಗುತ್ತದೆ. ಗೊತ್ತಿಲ್ಲದ ಹಾಡಿನ ಮಟ್ಟನ್ನು ಹೇಳಿ ಪ್ರಯೋಜನವೇನು? ಹೀಗಾಗಿ ಈ ಒಂದು ಸಾಲಿನ ಸೂಚನೆಯು ಆ ಕಾಲದಲ್ಲಿ ಯಾವ ಹಾಡು ಎಲ್ಲರ ಬಾಯಲ್ಲಿತ್ತು ಎಂಬುದಕ್ಕೆ ನಿಷ್ಪಕ್ಷಪಾತವಾದ ಸಾಕ್ಷಿ. ಭಜನೆಯ ಪುಸ್ತಕಗಳಲ್ಲಿಯೂ ಇಂಥ ಸೂಚನೆಗಳಿವೆ. ಸಾಹಿತ್ಯದ ವಿದ್ಯಾರ್ಥಿಗಳು ಇವನ್ನು ಕಸವೆಂದು ದೂಡದೆ ಸಂಗ್ರಹಿಸಿ, ಪಟ್ಟಿ ಮಾಡಿ, ತುಲನೆ ಮಾಡಬೇಕು. ಒಂದು ಊರಿನ ಹತ್ತು ಪುಸ್ತಕಗಳಿಂದಲೇ ಒಳ್ಳೆಯ ಪ್ರಬಂಧವೊಂದು ಸಿದ್ಧವಾದೀತು.

ಇನ್ನು ಕೈವಲ್ಯಪದಗಳ ಹಾಡಿಕೆ. ಹಳ್ಳಿಗಳಲ್ಲಿ ಇವನ್ನು ಹಿರಿಯರಿಂದ ಕೇಳಿ ಕಲಿತವರು ಇನ್ನೂ ಇದ್ದಾರೆ. ಅವರ ವಯಸ್ಸು ನಮಗೆ ಕಾಯುವುದಿಲ್ಲ. ಇಂದು ಪ್ರತಿಯೊಬ್ಬರ ಕೈಯಲ್ಲಿರುವ ಫೋನು ಅಂದಿನ ಧ್ವನಿಮುದ್ರಣ ಕೋಣೆಗಿಂತ ಹೆಚ್ಚು ಸಮರ್ಥವಾದ ಯಂತ್ರ. ಅದರಲ್ಲಿ ಮೂರು ನಿಮಿಷದ ಮಿತಿಯೂ ಇಲ್ಲ, ಮಾರಾಟದ ಚಿಂತೆಯೂ ಇಲ್ಲ. ಭಕ್ತರು ತಮ್ಮ ಊರಿನ ಭಜನೆಯ ಮೇಳವನ್ನು ಮುದ್ರಿಸಿ, ಹಾಡಿದವರ ಅನುಮತಿ ಪಡೆದು, ಊರು, ತಿಥಿ, ಪದಕಾರರ ಅಂಕಿತಗಳನ್ನು ಬರೆದಿಟ್ಟರೆ ಅದೇ ಒಂದು ದಾಸೋಹ. ಉಪಾಧ್ಯಾಯರು ವಚನವನ್ನು ಮಕ್ಕಳಿಂದ ಮೊದಲು ಮಾತಾಗಿ ಓದಿಸಿ, ಅರ್ಥದ ನಡೆಯನ್ನು ತೋರಿಸಿ, ಅನಂತರ ಹಾಡಿಸಿದರೆ ನಾದವೂ ನುಡಿಯೂ ಒಂದಕ್ಕೊಂದು ಪೂರಕವಾಗುತ್ತವೆ.

ಮನಸೂರರ ವಚನ ಗಾಯನವನ್ನು ಕೇಳಿ ಕಣ್ಣು ತುಂಬಿಕೊಳ್ಳುವುದು ಸಹಜ. ಅದನ್ನು ಕೇಳುವಾಗ ಆ ಕಂಠದ ಹಿಂದೆ ರಂಗದ ಮೇಲೆ ಹಾಡಿದ ಬಾಲನಟನೂ, ಪೇಟಿಯ ಮಾಸ್ತರನೂ, ಮಠದ ಪಡಸಾಲೆಯಲ್ಲಿ ತಾಳ ಹಿಡಿದ ಹೆಸರಿಲ್ಲದ ಭಕ್ತನೂ ಇದ್ದಾರೆಂಬುದು ನಮ್ಮ ಅರಿವಿನಲ್ಲಿರಬೇಕು. ಉಳಿದದ್ದನ್ನು ಗೌರವಿಸಿ, ಉಳಿಯದೆ ಹೋದದ್ದರ ಲೆಕ್ಕವನ್ನೂ ಇಟ್ಟಾಗ ಮಾತ್ರ ಆ ಕಾಲಕ್ಕೆ ನಾವು ನ್ಯಾಯ ಸಲ್ಲಿಸಿದಂತಾಗುತ್ತದೆ.